ಧೂಳಿನ ಮ್ಯಾಗ ತಾರೀಖು

ನಸುಕಿನ ನಾಕಕ್ಕ ನನ್ನ ಬಕೇಟು ಎದ್ದಿರ್ತದ.
ಶಾರ್ಜಾದಾಗ, ನಮ್ಮ ಬಿಲ್ಡಿಂಗಿನ ಹಿಂದ,
ಡಾಂಬರು ಕಾಣದ ಉಸುಕಿನ ಬಯಲು.
ಮೂವತ್ತೆರಡು ಗಾಡಿ ನನ್ನ ಪಾಲಿಗಿ.
ತೊಳೆದದ್ದಕ್ಕ ಗುರುತು, ಎರಡೂ ವೈಪರ್ ಎತ್ತಿ ನಿಲ್ಲಸ್ತೀನಿ.
ಮಾಲಕರು ವೈಪರ್ ನೋಡ್ತಾರ,
ನನ್ನ ನೋಡಿದವರು ಕಮ್ಮಿ.

ಹತ್ತೊಂಬತ್ತನೇದು ಫತ್ಹಿ ಮಾಸ್ತರಂದು, ಬಿಳೀ ಸನ್ನಿ.
ಈಜಿಪ್ಟಿನವರು. ಶಾಲ್ಯಾಗ ಚಿತ್ರ ಕಲಸ್ತಿದ್ರು.
ರಂಜಾನಿನ ಮೊದಲ ವಾರ
ಆರು ತಿಂಗಳ ರೊಕ್ಕ ಒಮ್ಮೆಲೇ ಕೈಯಾಗ ಇಟ್ರು.
ಹಬ್ಬದ ಖುಷಿ ಅಂದ್ಕೊಂಡೆ ನಾ.
ಆಮ್ಯಾಗ ಬರಲೇ ಇಲ್ಲ.
ಬ್ಯಾಂಕಿನವರು ಹುಡುಕ್ಯಾಡ್ತಾರ ಅಂದ ವಾಚ್‌ಮನ್ ಶಫೀಕುಲ್,
ಆಸ್ಪತ್ರ್ಯಾಗ ಅದಾರ ಅಂದ ಬಕಾಲಾದವ.
ಗ್ಲಾಸಿನಾಗಿಂದ ಹಣಿಕಿ ನೋಡಿದೆ:
ಟಿಶ್ಯೂ ಡಬ್ಬಿ,
ಬಿಸಲಿಗಿ ಕರಗಿ ಸೀಟಿಗಿ ಹತ್ತಿದ ಮೇಣದ ಬಣ್ಣ, ಹಸರು,
ಕೂಸಿನ ಒಂದೇ ಚಪ್ಪಲಿ, ಎಡಗಾಲಿಂದು.

ಬಲದಿಯಾದ ಮುರಾದ್ ಬಲೂಚಿ ಬರೂದು ಸೋಮವಾರ.
ಕಾನೂನು ಅವನ ತೋರಬೆರಳಿನಾಗ ಅದ:
ಮುಂದಿನ ಗ್ಲಾಸಿನ ಧೂಳಿನ ಮ್ಯಾಗ
ಅವತ್ತಿನ ತಾರೀಖು ಬರೀತಾನ.
ಮರುವಾರಕ್ಕೂ ತಾರೀಖು ಹಂಗೇ ಇದ್ರ
ಗಾಡಿಗಿ ದಿಕ್ಕಿಲ್ಲ ಅಂತ ಅರ್ಥ.
ಕೇಸರಿ ಚೀಟಿ ಹಚ್ತಾನ, ಮೂರು ದಿನ ಕೊಡ್ತಾನ,
ನಾಕನೇ ದಿನ ಕೊಂಡಿ ಲಾರಿ.
ಗಾಳಿ ಇಳಿದ ಟಯರು, ಒಡೆದ ಕನ್ನಡಿ, ಮುಗಿದ ಮುಲ್ಕಿಯಾ
ಎಲ್ಲಕ್ಕೂ ಅವನ ಕಾಗದದಾಗ ಒಂದೊಂದು ಚೌಕ.
ಬರೋರು ಅದಾರೋ ಇಲ್ಲೋ ಅನ್ನೂದಕ್ಕ
ಚೌಕ ಇಲ್ಲ.

ಆರು ತಿಂಗಳು ತೊಳೆದದ್ದು ಲೆಕ್ಕ.
ಏಳನೇದರಾಗೂ ಯಾಕ ತೊಳದಿ ಅಂತ ಕೇಳಬ್ಯಾಡ್ರಿ.
ಆಳಂದದಾಗ ನಮ್ಮಮ್ಮ
ಊರಿಗಿ ಹೋದ ನೆರೆಮನಿಯವರ ಅಂಗಳಾನೂ ಗುಡಿಸ್ತಿದ್ಳು.
ಕಸಾ ಬಿದ್ರ ಕಳ್ಳರಿಗಿ ತಿಳೀತದೋ ಲಾಡ್ಲ್ಯಾ, ಅಂತಿದ್ಳು.

ಮುರಾದ್ ಬರೆದ, ನಾ ಒರೆಸಿದೆ.
ಹನ್ನೆರಡು ಬರೆದ, ಹತ್ತೊಂಬತ್ತು ಬರೆದ, ಇಪ್ಪತ್ತಾರು ಬರೆದ.
ತಾರೀಖು ಹಳೇದಾಗಲಿಕ್ಕ ನಾ ಬಿಡಲಿಲ್ಲ.
ಪಂಪು ಕಡಾ ತಂದು ಟಯರಿಗಿ ಗಾಳಿ ಹೊಡದೆ.
ಬ್ಯಾಟರಿ ಸತ್ತದ್ದು ಹೊರಗಿನಿಂದ ಯಾರಿಗಿ ಕಾಣ್ತದ?
ಒಂದಿನ ಅವ ಎತ್ತಿದ ವೈಪರ್ ಮುಂದ ನಿಂತ.
"ಯಾರದು ಇದು?"
"ಗಿರಾಕೀದು."
"ಗಿರಾಕಿ ಎಲ್ಲಿ?"
"ಮಲಗ್ಯಾರ ಸಾಬ್. ಇನ್ನಾ ನಸುಕದಲ್ಲ?"
ಹನ್ನೊಂದು ಗಂಟಿ. ನೆತ್ತಿ ಸುಡೂ ಬಿಸಲು.
ಅವ ನಗಲಿಲ್ಲ,
ಬೆರಳು ಕಿಸೇದಾಗ ಇಟ್ಕೊಂಡು ಹೋದ.

ಮಗಳ ಲಗ್ನಕ್ಕ ನಲವತ್ತು ದಿನ ಊರಿಗಿ ಹೋದೆ.
ಬದಲಿ ಹುಡುಗಗ ಪಟ್ಟಿ ಬರಕೊಟ್ಟೆ, ಮೂವತ್ತೊಂದು ನಂಬರು.
ರೊಕ್ಕಿಲ್ಲದ ಗಾಡಿ ತೊಳೀಪಾ ಅಂತ
ಹೆಂಗ ಹೇಳ್ಲಿ? ಬಾಯಿ ಬರಲಿಲ್ಲ.
ಅರಿಶಿಣದ ಕೈ ಹಿಡಿದು ಮಗಳು ಅಳ್ತಿದ್ರ
ಒಂದು ಸೋಮವಾರ ನೆನಪಾತು,
ಇನ್ನೊಂದು ಸೋಮವಾರ ನೆನಪಾಗಲಿಲ್ಲ.

ತಿರುಗಿ ಬಂದಾಗ
ಜಾಗಾ ಖಾಲಿ.
ಉಸುಕಿನಾಗ ನಾಕು ಟಯರಿನ ಕುಣಿ,
ಕೇಸರಿ ಚೀಟಿಯ ಹರಕು ಒಂದು.
ಮತ್ತ, ದಿನಾ ಸಾಬೂನಿನ ನೀರು ಸೋರಿದ ಕಡೆ,
ಬಾನೆಟ್ಟಿನ ಅಂಚು, ಬಾಗಿಲದ ಅಂಚು, ಡಿಕ್ಕಿಯ ಅಂಚು ಹಿಡಕೊಂಡು
ಒಂದು ಗೀಟು ಹುಲ್ಲು.
ಚಿತ್ರದ ಮಾಸ್ತರು ನೋಡಿದ್ರ ಏನಂತಿದ್ರೋ.

ಹೊಸಾ ಪಜೇರೋ ಒಂದು ಹಿಂದಕ್ಕ ಹಿಂದಕ್ಕ ಬಂತು.
ಬಕೇಟು ಕೆಳಗಿಟ್ಟು ಅಡ್ಡ ನಿಂತೆ.
ಸಾಬ್, ಆ ಕಡೆ ಹಚ್ಚರಿ.
ಯಾಕ, ಇಲ್ಲಿ ಖಾಲಿ ಅದಲ್ಲ, ಅಂದ.
ಇಲ್ಲ ಸಾಬ್, ಅಂದೆ,
ಇಲ್ಲಿ ಗಾಡಿ ಅದ.